ವೆಕ್ಟರ್ ಒಂದೇ, ಸೆಟ್ ಬೇರೆ

ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಇಡೀ 0146 ಎಂಬ ನಾಲ್ಕು ಸ್ವರಗಳ ಸೆಟ್ ಮೇಲೆ ನಿಂತಿತ್ತು; ಮೊದಲ ಸ್ವರದಿಂದ ಪ್ರತಿ ಸ್ವರ ಎಷ್ಟು ಸೆಮಿಟೋನ್ (ಪಕ್ಕಪಕ್ಕದ ಸ್ವರಗಳ ಅಂತರ) ಮೇಲಿದೆ ಎಂಬುದೇ ಈ ಅಂಕಿಗಳು. ಕೊನೆಯ ಭಾಗದ ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಮಾತ್ರ ಕಿವಿಗೆ ಪರಕೀಯ: ಸಿ, ಸಿ ಶಾರ್ಪ್, ಡಿ ಶಾರ್ಪ್, ಜಿ. ಇಂಟರ್ವಲ್ ವೆಕ್ಟರ್ (ಸ್ವರಗಳ ಜೋಡಿಗಳಲ್ಲಿ ಆರು ಬಗೆಯ ಅಂತರಗಳು ತಲಾ ಎಷ್ಟು ಸಲ ಬರುತ್ತವೆ ಎಂಬ ಎಣಿಕೆ) ನೋಡಿದರೆ ಎರಡಕ್ಕೂ 111111. ನಾನು ಎಡವಿದ್ದೇ ಇಲ್ಲಿ. ವೆಕ್ಟರ್ ಹೊಂದಿದ ಮಾತ್ರಕ್ಕೆ ಸೆಟ್ ಒಂದೇ ಆಗಬೇಕಿಲ್ಲ. ಈ ಕಾರ್ಡಿನ ಪ್ರೈಮ್ ಫಾರ್ಮ್ (ಸೆಟ್‌ಗಳನ್ನು ಹೋಲಿಸಲು 0ಯಿಂದ ಶುರುವಾಗುವಂತೆ ಒತ್ತಾಗಿ ಜೋಡಿಸಿದ ಮೂಲರೂಪ) ತೆಗೆದಾಗ ಬಂದದ್ದು 0137. ಸಂಗೀತ ಸಿದ್ಧಾಂತಿ ಅಲೆನ್ ಫೋರ್ಟೆ ಮಾಡಿದ ಸೆಟ್‌ಗಳ ಪಟ್ಟಿಯಲ್ಲಿ 0146 ಮತ್ತು 0137 ಕ್ರಮವಾಗಿ 4-ಝಡ್15 ಮತ್ತು 4-ಝಡ್29. ಎಷ್ಟೇ ಟ್ರಾನ್ಸ್‌ಪೋಸ್ ಮಾಡಿ (ಎಲ್ಲ ಸ್ವರಗಳನ್ನೂ ಒಂದೇ ಅಂತರದಷ್ಟು ಸರಿಸಿ), ತಲೆಕೆಳಗು ಮಾಡಿ, ಒಂದರಿಂದ ಇನ್ನೊಂದು ಹುಟ್ಟದು.

ಡಿ ಶಾರ್ಪ್ ತೆಗೆದು ಎ ಸ್ವರ ಹಾಕಿದೆ. ಈಗ ಜಿಯಿಂದ ಮೇಲಕ್ಕೆ ಎಣಿಸಿದರೆ 0, 2, 5, 6 ಸೆಮಿಟೋನ್, ಅಂದರೆ 0146ರ ಇನ್ವರ್ಷನ್ (ತಲೆಕೆಳಗಾದ ರೂಪ). ಉಳಿದ ಮೂರು ಸ್ವರ ಅಲುಗಲಿಲ್ಲ. ವಯೋಲಾ ಪಾರ್ಟ್ ಒಂದನ್ನೇ ತಿದ್ದಿದರೆ ಸಾಕಾಯಿತು.