ಮೊದಲು ನಲ್ಲಿ ತಿರುಗಿಸಿ, ಆಮೇಲೆ ಬಾಡಿಗೆ ಕೇಳಿ

ಹದಿನಾಲ್ಕು ವರ್ಷದಲ್ಲಿ ಬೆಂಗಳೂರಿನಲ್ಲಿ ಐದು ಮನೆ ಬದಲಾಯಿಸಿದ್ದೇನೆ. ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ತಿಂಗಳಲ್ಲಿ ಹತ್ತು ದಿನ ನೈಟ್ ಡ್ಯೂಟಿ. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗಿಯರು "ಅಕ್ಕಾ, ಒಂದು ಮನೆ ನೋಡಿದೀವಿ, ಬಂದು ನೋಡ್ತೀರಾ" ಅಂತ ಕರೆಯುತ್ತಾರೆ. ಹೋಗುತ್ತೇನೆ. ಅವರು ಬಾಲ್ಕನಿಗೆ ಹೋಗಿ ನಿಲ್ಲುತ್ತಾರೆ. ನಾನು ನೇರ ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸುತ್ತೇನೆ.

ಪಾಠ ಕಲಿತದ್ದು ಹೀಗೆ. 2024ರ ಜನವರಿಯಲ್ಲಿ ಹೊರಮಾವು ಕಡೆ ಒಂದು ಅಪಾರ್ಟ್‌ಮೆಂಟ್‌ಗೆ ಹೋದೆವು. ಎರಡು ಬೆಡ್‌ರೂಮು, ಒಳ್ಳೆ ಗಾಳಿ ಬೆಳಕು, 19,000 ಬಾಡಿಗೆ. "ನೀರಿಗೇನೂ ತೊಂದರೆ ಇಲ್ಲ ಮೇಡಂ, 24 ಗಂಟೆ ಬರುತ್ತೆ" ಅಂದರು ಓನರ್. ಮಾರ್ಚ್‌ನಲ್ಲಿ ಬೋರ್‌ವೆಲ್ ಕೈಕೊಟ್ಟಿತು. ಆ ಬೇಸಿಗೆ ಅರ್ಧ ಊರೇ ಟ್ಯಾಂಕರ್ ಹಿಂದೆ ಓಡಿದ್ದು ನೆನಪಿದೆಯಲ್ವಾ? ರಾತ್ರಿಯಿಡೀ ವಾರ್ಡಿನಲ್ಲಿ ನಿಂತು ಬೆಳಗ್ಗೆ ಮನೆಗೆ ಬಂದರೆ ಸ್ನಾನಕ್ಕೆ ಅರ್ಧ ಬಕೆಟ್ ನೀರು. ಟ್ಯಾಂಕರ್ ದುಡ್ಡು ಎಲ್ಲರಿಗೂ ಹಂಚಿದ ಮೇಲೆ 2,500 ಇದ್ದ ಮೇಂಟೆನೆನ್ಸ್ 5,000 ಆಯಿತು. ಓನರ್ ಸುಳ್ಳು ಹೇಳಿರಲಿಲ್ಲ. ಜನವರಿಯಲ್ಲಿ ನೀರು ಬರುತ್ತಲೇ ಇತ್ತು. ನಾನು ಸರಿಯಾಗಿ ಕೇಳಲಿಲ್ಲ, ಅಷ್ಟೇ.

ಈಗ ಬಿಡಿಸಿ ಬಿಡಿಸಿ ಕೇಳುತ್ತೇನೆ. ಕಾವೇರಿ ನೀರು ಇದೆಯಾ? ವಾರಕ್ಕೆ ಎಷ್ಟು ದಿನ ಬಿಡ್ತಾರೆ? ಸಂಪು ಎಷ್ಟು ಲೀಟರಿನದು? ಹೋದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರ್ ತರಿಸಿದಿರಿ? ಕೊನೆಯ ಪ್ರಶ್ನೆಯನ್ನು ಓನರ್‌ಗೆ ಕೇಳಿ ಪ್ರಯೋಜನವಿಲ್ಲ, ವಾಚ್‌ಮನ್‌ಗೆ ಕೇಳಿ. ಮೋಟರ್ ಹಾಕುವವನು ಅವನೇ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾದ ಮೇಲೆ ಹೊರವಲಯದ ಬ್ರೋಕರ್‌ಗಳೆಲ್ಲ "ಕಾವೇರಿ ಬಂದಿದೆ" ಅನ್ನುತ್ತಾರೆ. ರಸ್ತೆಯಲ್ಲಿ ಪೈಪ್ ಹೋಗಿರುವುದು ಬೇರೆ, ಆ ಕಟ್ಟಡಕ್ಕೆ ಕನೆಕ್ಷನ್ ತಗೊಂಡಿರುವುದು ಬೇರೆ. ಜಲಮಂಡಳಿ ಬಿಲ್ ತೋರಿಸಿ ಅಂತ ಕೇಳಿ.

ನಲ್ಲಿಯ ಬುಡವನ್ನೂ ನೋಡಿ. ಸುಣ್ಣ ಮೆತ್ತಿದ ಹಾಗೆ ಬಿಳಿ ಪದರ ಕಟ್ಟಿದ್ದರೆ ಗಡಸು ನೀರು. ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಶವರಿನ ತೂತುಗಳು ಅರ್ಧ ಮುಚ್ಚಿ ನೀರು ಓರೆ ಓರೆಯಾಗಿ ಚಿಮ್ಮುತ್ತದೆ. ಇಂಥ ನೀರಿಗೆ ಗೀಸರಿನ ಕಾಯಿಲ್ ಬೇಗ ಹೋಗುತ್ತದೆ, ಕೂದಲು ತೆಂಗಿನ ನಾರಿನ ಥರ ಆಗುತ್ತದೆ. ಕೊನೇ ಮಹಡಿಯಾದರೆ ಶವರನ್ನೂ ಅಡುಗೆಮನೆ ನಲ್ಲಿಯನ್ನೂ ಒಟ್ಟಿಗೆ ಬಿಡಿ. ಟ್ಯಾಂಕ್ ತಲೆ ಮೇಲೇ ಇರುವುದರಿಂದ ಅಲ್ಲಿ ನೀರಿನ ರಭಸ ಕಡಿಮೆ. ನೀರು ಹತ್ತಿರವೇ ಇದೆ, ಇಳಿಯುವುದಕ್ಕೆ ಮಾತ್ರ ಸೋಮಾರಿತನ.

ನೀರು ಬೇಡದ ಕಡೆ ಬರುವುದೂ ಇದೆ. ಖಾಲಿ ಮನೆಗೆ ಹೊಸ ಬಣ್ಣ ಬಳಿದಿರುತ್ತಾರೆ. ಒಂದೇ ಗೋಡೆಗೆ ಮಾತ್ರ ಹೊಸ ಬಣ್ಣ ಕಂಡರೆ ಅನುಮಾನ ಪಡಿ. ಬಾತ್‌ರೂಮಿನ ಹಿಂದುಗಡೆ ಗೋಡೆಗೆ ಅಂಗೈ ಒತ್ತಿ ನೋಡಿ, ತಣ್ಣಗೆ ಜಿಗುಟಾಗಿದ್ದರೆ ಒಳಗೆ ಸೋರುತ್ತಿದೆ. ವಾರ್ಡ್‌ರೋಬಿನ ಕೆಳಗಿನ ಖಾನೆಗೆ ತಲೆ ಹಾಕಿ ಮೂಸಿ. ಬ್ರೋಕರ್ ನಗಬಹುದು, ನಗಲಿ ಬಿಡಿ. ಪಾರ್ಕಿಂಗ್ ಬೇಸ್‌ಮೆಂಟಿನಲ್ಲಿದ್ದರೆ ಗೋಡೆ ಮೇಲೆ ಕೆಸರಿನ ಗೆರೆ ಇದೆಯಾ ನೋಡಿ. ಹತ್ತಿರದಲ್ಲಿ ರಾಜಕಾಲುವೆಯೋ ಕೆರೆಯೋ ಇದ್ದರೆ ಇದನ್ನು ಮರೆಯಲೇಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಮಳೆ ನೀರು ನುಗ್ಗಿದಾಗ ಬೆಳ್ಳಂದೂರು, ಮಹದೇವಪುರ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗಿದ್ದರು. ಅಲ್ಲಿನ ಬಾಡಿಗೆ ಏನೂ ಅಗ್ಗ ಇರಲಿಲ್ಲ.

ಮನೆಯನ್ನು ಎರಡು ಹೊತ್ತಿನಲ್ಲಿ ನೋಡಿ. ನನ್ನ ಥರ ಹಗಲು ಮಲಗುವವರು ಬೆಳಗ್ಗೆ ಹನ್ನೊಂದಕ್ಕೆ ಹೋಗಿ ಕಿಟಕಿ ಮುಚ್ಚಿ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಪಕ್ಕದ ಸೈಟ್ ಖಾಲಿ ಇದ್ದರೆ ಇನ್ನೊಂದು ವರ್ಷದಲ್ಲಿ ಅಲ್ಲಿ ಕಟ್ಟಡ ಏಳುತ್ತದೆ, ನಿಮ್ಮ ಬೆಳಕೂ ಹೋಯಿತು ನಿದ್ದೆಯೂ ಹೋಯಿತು ಅಂದುಕೊಳ್ಳಿ. ಬೆಡ್‌ರೂಮು ಪಶ್ಚಿಮಕ್ಕಿದ್ದರೆ ಬೇಸಿಗೆಯಲ್ಲಿ ಸಂಜೆವರೆಗೂ ಗೋಡೆ ಕಾದಿರುತ್ತದೆ. ವಾಸ್ತು ಓನರ್ ನೋಡಿಕೊಂಡಿರುತ್ತಾರೆ, ನಾವು ಬಿಸಿಲು ನೋಡಿದರೆ ಸಾಕು.

ಕರೆಂಟಿನಲ್ಲಿ ಕೇಳಬೇಕಾದ್ದು ಒಂದೇ: ಈ ಮನೆಗೆ ಬೇರೆ ಮೀಟರ್ ಇದೆಯಾ? ಎರಡು ಮನೆಗೆ ಒಂದೇ ಮೀಟರ್ ಇದ್ದರೆ ತಿಂಗಳಿಗೊಂದು ಜಗಳ ಗ್ಯಾರಂಟಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಹಿಂದೆ ಇದ್ದವರ ಆಧಾರ್ ಆ ಮೀಟರಿಗೆ ಜೋಡಣೆಯಾಗಿದ್ದರೆ ಮೊದಲು ಅದನ್ನು ತೆಗೆಸಬೇಕು. ಬೀಗದ ಕೈ ಇಸ್ಕೊಳ್ಳುವ ಮುಂಚೆಯೇ ಕೇಳಿ.

ಇನ್ನು ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವುದು ಇಲ್ಲಿನ ಹಳೇ ಚಾಳಿ. ಐದು, ಆರು ತಿಂಗಳಿಗೆ ಇಳಿಸಿ ಅಂತ ಕೇಳಲು ನಾಚಿಕೆ ಬೇಡ, ಎಷ್ಟೋ ಜನ ಒಪ್ಪುತ್ತಾರೆ. ಮೂರನೇ ಮನೆ ಬಿಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ, ಕರಾರಿನಲ್ಲಿ ಇತ್ತು. ಆಮೇಲೆ ಒಡೆದ ಸಿಂಕಿಗೆ ಅಂತ ಇನ್ನೂ 4,000 ಮುರಿದರು. ಆ ಸಿಂಕು ನಾವು ಬರುವಾಗಲೇ ಸೀಳಿತ್ತು. ತೋರಿಸಲು ಫೋಟೋ ಇರಲಿಲ್ಲ. ಈಗ ಸಾಮಾನು ಇಳಿಸುವ ಮುಂಚೆ ಪ್ರತಿ ರೂಮಿನ ಫೋಟೋ ತೆಗೆದು ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡುತ್ತೇನೆ. ಕರಾರು ಸಾಮಾನ್ಯವಾಗಿ 11 ತಿಂಗಳಿಗೆ ಇರುತ್ತದೆ, ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತೆ ಅಂತ. ವರ್ಷಕ್ಕೆ ಬಾಡಿಗೆ ಎಷ್ಟು ಏರುತ್ತದೆ, ಮನೆ ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು, ಪೇಂಟಿಂಗ್‌ಗೆ ಎಷ್ಟು ಮುರಿಯುತ್ತಾರೆ, ಈ ಮೂರೂ ಬರಹದಲ್ಲಿರಲಿ.

ತಿಂಗಳ ಬಾಡಿಗೆ ಬದಲು ಒಂದೇ ಸಲ ದೊಡ್ಡ ಮೊತ್ತ ಕೊಟ್ಟು ಲೀಸಿಗೆ ಹಾಕಿಕೊಳ್ಳುವವರು ಇಸಿ (ಆಸ್ತಿ ಮೇಲಿನ ಋಣಭಾರ ತೋರಿಸುವ ಪ್ರಮಾಣಪತ್ರ) ತೆಗೆಸಿ ನೋಡದೆ ಲಕ್ಷಗಟ್ಟಲೆ ಕೊಡಬೇಡಿ. ಮನೆ ಮೇಲೆ ಬ್ಯಾಂಕ್ ಸಾಲ ಇದ್ದರೆ ನಿಮ್ಮ ದುಡ್ಡಿನ ಗತಿ ಏನು ಅಂತ ಯೋಚನೆ ಮಾಡಿ.

ವಾಪಸು ಹೋಗುವ ಮುಂಚೆ ಬೀದಿಯ ಇಸ್ತ್ರಿ ಅಂಗಡಿಯವರನ್ನು ಮಾತಾಡಿಸಿ. ನಾಲ್ಕನೇ ಮನೆ ಹುಡುಕುವಾಗ ಒಂದು ಚೆಂದದ ಮನೆಗೆ ಟೋಕನ್ ಕೊಡುವುದರಲ್ಲಿದ್ದೆ. ಕೆಳಗೆ ಇಸ್ತ್ರಿ ಮಾಡುತ್ತಿದ್ದ ಅಮ್ಮ ತಲೆ ಎತ್ತದೆ ಕೇಳಿದರು, "ಎರಡನೇ ಮಹಡೀನಾ? ಎರಡು ವರ್ಷದಲ್ಲಿ ಮೂರು ಸಂಸಾರ ಬಂದು ಹೋಯ್ತಮ್ಮ." ಯಾಕೆ ಅಂತ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದುಡ್ಡು ಪರ್ಸಿನಲ್ಲೇ ಉಳಿಯಿತು.

ಈಗಿರುವುದು ಹಳೇ ಕಟ್ಟಡದ ಮೊದಲ ಮಹಡಿ. ಕೆಂಪು ರೆಡ್‌ಆಕ್ಸೈಡ್ ನೆಲ, ಇಬ್ಬರು ನಿಂತರೆ ತುಂಬಿಹೋಗುವ ಅಡುಗೆಮನೆ. ಕಾವೇರಿ ದಿನ ಬಿಟ್ಟು ದಿನ ಬರುತ್ತದೆ, ಸಂಪು 8,000 ಲೀಟರಿನದು. ಹುಡುಗಿಯರು ಬಂದಾಗ "ಬಾಲ್ಕನಿನೇ ಇಲ್ವಲ್ಲ ಅಕ್ಕಾ" ಅನ್ನುತ್ತಾರೆ. ಹೌದು, ಇಲ್ಲ. ಬಟ್ಟೆ ಟೆರೇಸಿನಲ್ಲಿ ಒಣಗಿಸುತ್ತೇವೆ.