ಮೂರು ಸೆಕೆಂಡು ಕಾಯುವುದನ್ನು ಕಲಿತೆ

ನಾನು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಲು ಶುರು ಮಾಡಿ 14 ವರ್ಷ ಆಯಿತು. ಮೊದಲ 9 ವರ್ಷ ನನ್ನ ಪಾಠವನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಪಾಠ ಮಾಡುತ್ತಿದ್ದೆ, ನೋಟ್ಸ್ ತಿದ್ದುತ್ತಿದ್ದೆ, ತರಬೇತಿಗೆ ಕರೆದರೆ ಹೋಗಿ ಬರುತ್ತಿದ್ದೆ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ ಎಂದುಕೊಂಡಿದ್ದೆ.

ಒಂದು ಪೋಷಕರ ಸಭೆಯಲ್ಲಿ ಮೂರನೇ ತರಗತಿಯ ಹುಡುಗಿಯ ತಾಯಿ ಹೇಳಿದ ಮಾತು ನನ್ನನ್ನು ಹಿಡಿದು ನಿಲ್ಲಿಸಿತು. "ಮನೇಲಿ ತಮ್ಮನನ್ನ ಕೂರಿಸಿಕೊಂಡು ನಿಮ್ಮ ಥರಾನೇ ಪಾಠ ಮಾಡ್ತಾಳೆ ಟೀಚರ್. ಲೆಕ್ಕ ಎಲ್ಲ ಬಿಡಿಸಿ ಹೇಳ್ತಾಳೆ." ನನಗೆ ನಂಬಲಾಗಲಿಲ್ಲ. ಅರ್ಧ ವರ್ಷ ಕಳೆದಿತ್ತು. ತರಗತಿಯಲ್ಲಿ ಹಾಜರಿಗೆ ಓಗೊಟ್ಟದ್ದು ಬಿಟ್ಟರೆ ಆ ಮಗುವಿನ ದನಿ ನಾನು ಕೇಳಿದ್ದೇ ಇಲ್ಲ. ಅವಳಿಗೆ ನಾಚಿಕೆ ಜಾಸ್ತಿ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿ ಮುಂದೆ ಹೋಗಿದ್ದೆ.

ಮರುದಿನ ಮುಖ್ಯೋಪಾಧ್ಯಾಯರ ಹತ್ತಿರ ಅನುಮತಿ ಕೇಳಿದೆ. ಮಕ್ಕಳಿಗೂ ಹೇಳಿದೆ: "ನಾನು ಹೇಗೆ ಪಾಠ ಮಾಡ್ತೀನಿ ಅಂತ ಕೇಳಬೇಕು, ಅದಕ್ಕೆ ರೆಕಾರ್ಡ್ ಮಾಡ್ತಿದೀನಿ." ಮೊಬೈಲನ್ನು ಮೇಜಿನ ಮೇಲಿಟ್ಟು ಒಂದು ಪೀರಿಯಡ್ ಪೂರ್ತಿ ದನಿ ಮಾತ್ರ ರೆಕಾರ್ಡ್ ಮಾಡಿದೆ. ಗಣಿತ, 40 ನಿಮಿಷ.

ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೇಳಲು ಕುಳಿತೆ. ಮೊದಲ ಐದು ನಿಮಿಷ ತುಂಬಾ ಕಷ್ಟವಾಯಿತು. ಆಮೇಲೆ ಹಾಳೆಯಲ್ಲಿ ಎರಡು ಗೆರೆ ಎಳೆದು ಲೆಕ್ಕ ಹಾಕತೊಡಗಿದೆ. ನಾನು ಕೇಳಿದ ಪ್ರಶ್ನೆಗಳು 63. ಬಂದ ಉತ್ತರಗಳಲ್ಲಿ ಹೆಚ್ಚಿನವು ಒಂದೇ ಪದದ್ದು. ಉತ್ತರ ಕೊಟ್ಟವರು ಹೆಚ್ಚುಕಡಿಮೆ ಅದೇ ಐದು ಮಕ್ಕಳು. ನಡುವೆ ಒಂದು ಕಡೆ ಆ ಹುಡುಗಿಯ ಹೆಸರು ಕರೆದಿದ್ದೆ. "ಹೇಳಮ್ಮ, 7ಕ್ಕೆ 8 ಕೂಡಿದರೆ?" ಅದರ ಹಿಂದೆಯೇ ನನ್ನ ದನಿ: "ಯಾರು ಹೇಳ್ತೀರಿ?" ಮುಂದಿನ ಬೆಂಚಿನಿಂದ ಜೋರಾಗಿ "ಹದಿನೈದು!" ನಾನು "ವೆರಿ ಗುಡ್."

ಆ ಜಾಗವನ್ನು ಮತ್ತೆ ಮತ್ತೆ ಕೇಳಿದೆ. ನನ್ನ ಎರಡು ಮಾತುಗಳ ನಡುವೆ, ತುಂಬಾ ಸಣ್ಣಗೆ, ಒಂದು ದನಿ ಇತ್ತು. "ಹದಿ..." ಅಂತ. ಅವಳು ಶುರು ಮಾಡಿದ್ದಳು. ನಾನು ಮುಗಿಸಲು ಬಿಡಲಿಲ್ಲ.

ಇದರ ಬಗ್ಗೆ ಓದುತ್ತಾ ಹೋದಾಗ ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿಯ ಕೆಲಸ ಸಿಕ್ಕಿತು. 1970ರ ದಶಕದಲ್ಲಿ ಪ್ರಕಟವಾದ ಕೆಲಸ. ನಾನು ಒಂದು ದಿನ ಮಾಡಿದ್ದನ್ನು ಅವರು ತುಂಬಾ ತರಗತಿಗಳಲ್ಲಿ ಮಾಡಿದ್ದರು: ಪಾಠಗಳನ್ನು ಟೇಪ್ ಮಾಡಿ, ಪ್ರಶ್ನೆಗೂ ಮುಂದಿನ ಮಾತಿಗೂ ನಡುವೆ ಎಷ್ಟು ಹೊತ್ತು ಎಂದು ಅಳೆದಿದ್ದರು. ಶಿಕ್ಷಕರು ಸರಾಸರಿ ಕಾಯುತ್ತಿದ್ದದ್ದು ಒಂದು ಸೆಕೆಂಡಿನಷ್ಟು. ಅದನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಎಳೆದಾಗ ಉತ್ತರಗಳು ಉದ್ದವಾದವು. ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಮಕ್ಕಳು ತಾವೇ ಪ್ರಶ್ನೆ ಕೇಳತೊಡಗಿದರು. ಹಿಂದುಳಿದವರು ಎಂದು ಶಿಕ್ಷಕರು ಎಣಿಸಿದ್ದ ಮಕ್ಕಳೂ ಮಾತಿಗೆ ಬಂದರು. ಕಾಯಬೇಕಾದ ಜಾಗ ಎರಡು ಎನ್ನುವುದನ್ನೂ ಅವರೇ ತೋರಿಸಿದ್ದರು. ಒಂದು ಪ್ರಶ್ನೆ ಕೇಳಿದ ಮೇಲೆ. ಇನ್ನೊಂದು ಮಗು ಉತ್ತರ ಹೇಳಿದ ಮೇಲೆ.

ಮೂರು ಸೆಕೆಂಡು ಅಂದರೆ ಏನು ಮಹಾ ಅನಿಸುತ್ತದೆ, ಅಲ್ವಾ? ಮಕ್ಕಳ ಎದುರು ನಿಂತು ಕಾದು ನೋಡಿ. ತುಂಬಾ ಉದ್ದ ಅದು. ಪಾಠ ನಿಂತೇ ಹೋಯಿತು ಎಂದು ಭಯವಾಗುತ್ತದೆ. ನಾನು ಕಂಡುಕೊಂಡ ದಾರಿ ಇಷ್ಟೇ: ಪ್ರಶ್ನೆ ಕೇಳಿದ ಕೂಡಲೇ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ನಿಧಾನವಾಗಿ ಒಂದು ಉಸಿರು ಎಳೆದು ಬಿಡುತ್ತಿದ್ದೆ. ಕೈಯಲ್ಲಿ ಸೀಮೆಸುಣ್ಣ ಇದ್ದರೆ ಬಾಯಿ ಸುಮ್ನಿರುವುದಿಲ್ಲ. ಇದು ನನ್ನ ಅನುಭವ.

ಮೊದಲ ವಾರ ಗಲಾಟೆಯೋ ಗಲಾಟೆ. ಚುರುಕು ಮಕ್ಕಳಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. ನಾನು ಸುಮ್ಮನಿದ್ದ ಮೂರು ಸೆಕೆಂಡನ್ನು ಅವರೇ ತುಂಬಿಬಿಡುತ್ತಿದ್ದರು. ಆಗ ಸ್ಲೇಟು ನೆನಪಾಯಿತು. ಉತ್ತರವನ್ನು ಸ್ಲೇಟಿನಲ್ಲಿ ಬರೆಯುವುದು, ಬರೆದ ಭಾಗವನ್ನು ಎದೆಗೆ ಒತ್ತಿ ಹಿಡಿಯುವುದು, ನಾನು "ತೋರಿಸಿ" ಎಂದಾಗ ಎಲ್ಲರೂ ಒಟ್ಟಿಗೆ ತಿರುಗಿಸುವುದು. ಬೇಗ ಬರೆದವರಿಗೆ ಕೂಗುವ ಕೆಲಸ ಇಲ್ಲ. ನಿಧಾನ ಬರೆಯುವವರಿಗೆ ಅವಮಾನ ಇಲ್ಲ. ನನಗೆ ಒಂದೇ ನೋಟಕ್ಕೆ ಇಡೀ ತರಗತಿ ಕಾಣುತ್ತದೆ. ಯಾರು ಹೇಳಬೇಕು ಎನ್ನುವುದಕ್ಕೆ ಹೆಸರು ಬರೆದ ಚೀಟಿಗಳ ಡಬ್ಬಿ ಇಟ್ಟೆ. ಪ್ರಶ್ನೆ ಮೊದಲು, ಕಾಯುವುದು ಆಮೇಲೆ, ಚೀಟಿ ಎತ್ತುವುದು ಕೊನೆಗೆ. ಈ ಕ್ರಮ ಮುಖ್ಯ. ಹೆಸರು ಮೊದಲೇ ಕರೆದರೆ ಉಳಿದವರು ಯೋಚಿಸುವುದನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು ಬೇಗ ಗೊತ್ತಾಯಿತು. ನನ್ನ 63 ಪ್ರಶ್ನೆಗಳಲ್ಲಿ ಹೆಚ್ಚಿನವು ಕಾಯಲು ಯೋಗ್ಯವಾದವೇ ಆಗಿರಲಿಲ್ಲ. "ಅರ್ಥ ಆಯ್ತಾ?" ಎಂದು ಕೇಳಿ ಮೂರು ಸೆಕೆಂಡು ಕಾದರೆ ಏನು ಬರುತ್ತದೆ? "ಹೂಂ ಟೀಚರ್" ಬರುತ್ತದೆ. ಮಗ್ಗಿ ಕೇಳುವಾಗ ಕಾಯಬೇಕಿಲ್ಲ. "ಇದು ಹೇಗೆ ಬಂತು?", "ಇವೆರಡರಲ್ಲಿ ಯಾವುದು ಸರಿ, ಯಾಕೆ?" ಎಂದು ಕೇಳಿದಾಗ ಕಾಯಬೇಕು. ಅಂಥ ನಾಲ್ಕೈದು ಪ್ರಶ್ನೆಗಳನ್ನು ಹಿಂದಿನ ರಾತ್ರಿಯೇ ಪಾಠ ಯೋಜನೆಯ ಪಕ್ಕದಲ್ಲಿ ಬರೆದುಕೊಂಡು ಹೋಗುವುದು ರೂಢಿಯಾಯಿತು. ಪಾಠದ ನಡುವೆ ಒಳ್ಳೆಯ ಪ್ರಶ್ನೆ ತಾನಾಗಿ ಹೊಳೆಯುತ್ತದೆ ಎಂದು ನಾನು ಈಗ ನಂಬುವುದಿಲ್ಲ.

ಎರಡನೆಯ ಕಾಯುವಿಕೆ, ಅಂದರೆ ಉತ್ತರ ಬಂದ ಮೇಲೆ ಸುಮ್ಮನಿರುವುದು, ನನಗೆ ಇನ್ನೂ ಕಷ್ಟ. ಉತ್ತರ ಸರಿಯಿದ್ದರೆ "ವೆರಿ ಗುಡ್", ತಪ್ಪಿದ್ದರೆ "ಬೇರೆ ಯಾರು?" ಎಂದು ನಾಲಿಗೆ ತಾನೇ ಓಡುತ್ತದೆ. ಎರಡೂ ಮಗುವಿನ ಮಾತನ್ನು ಅಲ್ಲಿಗೇ ಮುಚ್ಚಿಬಿಡುತ್ತವೆ. ಆದರೆ ನಾನು ಅತಿ ಹೆಚ್ಚು ಕಲಿತದ್ದು ಇಲ್ಲಿಯೇ.

ದಶಕ ಸಹಿತ ಕಳೆಯುವ ಲೆಕ್ಕ ನಡೆಯುತ್ತಿತ್ತು. 52ರಲ್ಲಿ 27 ಕಳೆಯಬೇಕು. ಸ್ಲೇಟು ತಿರುಗಿಸಿದಾಗ ಒಂಬತ್ತು ಮಕ್ಕಳು 35 ಬರೆದಿದ್ದರು. ಹಿಂದೆಯಾಗಿದ್ದರೆ "ಗಮನ ಕೊಡಲ್ಲ ನೀವು" ಎಂದು ಬೈದು, ಬೋರ್ಡಿನ ಮೇಲೆ ಮತ್ತೊಮ್ಮೆ ಮಾಡಿ ತೋರಿಸುತ್ತಿದ್ದೆ. ಅವತ್ತು ಒಬ್ಬ ಹುಡುಗನಿಗೆ "ಹೇಗೆ ಮಾಡಿದೆ ಹೇಳು" ಎಂದು ಹೇಳಿ ಸುಮ್ಮನೆ ನಿಂತೆ.

"7ರಲ್ಲಿ 2 ಹೋದರೆ 5 ಟೀಚರ್. 5ರಲ್ಲಿ 2 ಹೋದರೆ 3."

"ಮೇಲೆ 2 ಇದೆ, ಕೆಳಗೆ 7 ಇದೆ. ನೀನು 7ರಲ್ಲಿ 2 ಯಾಕೆ ಕಳೆದೆ?"

ಅವನು ನನ್ನನ್ನೇ ನೋಡಿದ. ನಾನು ಕಾದೆ.

"ನೀವೇ ಹೇಳಿದ್ರಲ್ಲ ಟೀಚರ್, ದೊಡ್ಡದರಿಂದ ಚಿಕ್ಕದನ್ನ ಕಳೀಬೇಕು ಅಂತ."

ಹೌದು, ನಾನೇ ಹೇಳಿದ್ದೆ. ಒಂದಂಕಿ ಕಳೆಯುವುದನ್ನು ಕಲಿಸುವಾಗ ಹತ್ತಾರು ಸಲ ಹೇಳಿದ್ದೆ. ಆ ಮಗು ಗಮನ ಕೊಡದೆ ತಪ್ಪು ಮಾಡಿರಲಿಲ್ಲ. ತುಂಬಾ ಗಮನ ಕೊಟ್ಟು, ನಾನು ಹೇಳಿದ್ದನ್ನು ನಂಬಿ ತಪ್ಪು ಮಾಡಿತ್ತು. ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಎಂಬ ಇಬ್ಬರು 1978ರಲ್ಲೇ ಇದನ್ನು ವಿವರವಾಗಿ ಬರೆದಿದ್ದಾರೆ: ಮಕ್ಕಳ ಕಳೆಯುವ ಲೆಕ್ಕದ ಎಷ್ಟೋ ತಪ್ಪುಗಳು ಮನಸ್ಸಿಗೆ ಬಂದಂತೆ ಆದವಲ್ಲ, ಒಂದು ತಪ್ಪು ನಿಯಮವನ್ನು ಚಾಚೂತಪ್ಪದೆ ಪಾಲಿಸಿದ್ದರಿಂದ ಆದವು. ಆ ಮಗುವಿನ ಬಾಯಿಂದ ಕೇಳದೆ ಇದನ್ನು ಪುಸ್ತಕದಲ್ಲಷ್ಟೇ ಓದಿದ್ದರೆ ನನಗೆ ಇಷ್ಟು ತಟ್ಟುತ್ತಿರಲಿಲ್ಲ.

ಮರುದಿನ ಬೋರ್ಡ್ ಬಿಟ್ಟು ಕಡ್ಡಿಗಳನ್ನು ತಂದೆ. ಹತ್ತರ ಐದು ಕಟ್ಟು, ಎರಡು ಬಿಡಿ. "ಇದರಿಂದ 27 ಕೊಡಿ" ಎಂದೆ. ಏಳು ಬಿಡಿ ಎಣಿಸಲು ಹೋಗಿ ಮಕ್ಕಳು ಸಿಕ್ಕಿಹಾಕಿಕೊಂಡರು. ಸ್ವಲ್ಪ ಹೊತ್ತಿಗೆ ಒಬ್ಬಳು ರಬ್ಬರ್‌ಬ್ಯಾಂಡ್ ಬಿಚ್ಚಿದಳು. ಆವತ್ತಿನಿಂದ ನಮ್ಮ ತರಗತಿಯಲ್ಲಿ ಆ ಕೆಲಸಕ್ಕೆ "ಕಟ್ಟು ಬಿಚ್ಚುವುದು" ಎಂದೇ ಹೆಸರು. ಮೊದಲು "ಪಕ್ಕದ ಮನೆಯಿಂದ ಸಾಲ ತಗೊಳ್ಳೋದು" ಎನ್ನುತ್ತಿದ್ದೆ. ಹಿಂದೊಮ್ಮೆ ಒಂದು ಮಗು "ಯಾವಾಗ ವಾಪಸ್ ಕೊಡಬೇಕು?" ಎಂದು ಕೇಳಿತ್ತು. ನಕ್ಕು ಸುಮ್ಮನಾಗಿದ್ದೆ. ಅದು ನಗುವ ಪ್ರಶ್ನೆ ಆಗಿರಲಿಲ್ಲ. ನಾನು ಕೊಟ್ಟ ಪದವೇ ಮಗುವನ್ನು ದಾರಿ ತಪ್ಪಿಸಿತ್ತು.

ಆಮೇಲೆ ಒಂದು ನೋಟ್‌ಬುಕ್ ಮಾಡಿದೆ. ತಪ್ಪು ಉತ್ತರಗಳಿಗಾಗಿಯೇ. ತಾರೀಖು, ಲೆಕ್ಕ, ಮಗು ಹೇಳಿದ ಮಾತು ಹೇಳಿದ ಹಾಗೇ. ಮಗುವಿನ ಹೆಸರು ಬರೆಯುವುದಿಲ್ಲ. ವಾರಕ್ಕೆ ಒಂದು ಪುಟ ತುಂಬಿದರೆ ಹೆಚ್ಚು. ಮುನ್ನೂರ ಐದು ಬರೆಯಲು ಹೇಳಿದರೆ 3005 ಬರೆದದ್ದು ಅದರಲ್ಲಿದೆ. ಕಿವಿಗೆ ಕೇಳಿದ್ದನ್ನು ಹಾಗೇ ಬರೆದಿದೆ ಮಗು: ಮೊದಲು 300, ಆಮೇಲೆ 5. 8 + 4 = ☐ + 5 ಕೊಟ್ಟಾಗ ಖಾಲಿ ಜಾಗದಲ್ಲಿ 12 ಬರೆದದ್ದೂ ಇದೆ. "ಸಮ ಅಂದ್ರೆ ಉತ್ತರ ಬರಿ ಅಂತ ಟೀಚರ್" ಎಂದಿತ್ತು ಆ ಮಗು. ಅಮೆರಿಕದಲ್ಲಿ ಆರನೇ ತರಗತಿಯ 145 ಮಕ್ಕಳಿಗೆ ಇದೇ ಲೆಕ್ಕ ಕೊಟ್ಟಾಗ ಎಲ್ಲರೂ 12 ಅಥವಾ 17 ಎಂದಿದ್ದನ್ನು 1999ರ ಒಂದು ಲೇಖನದಲ್ಲಿ ಓದಿದೆ. ಒಬ್ಬರೂ 7 ಎಂದಿರಲಿಲ್ಲ. ನಾವು ಯಾವಾಗಲೂ ಉತ್ತರವನ್ನು ಬಲಗಡೆಯಲ್ಲೇ ಬರೆಸುತ್ತೇವೆ. ಎರಡೂ ಕಡೆ ಒಂದೇ ಎನ್ನುವ ಅರ್ಥ ಮಕ್ಕಳಿಗೆ ಎಲ್ಲಿಂದ ಬರಬೇಕು? ಈಗ ನಾನು 12 = 8 + 4 ಎಂದೂ ಬರೆಸುತ್ತೇನೆ.

ತರಬೇತಿಗಳ ಬಗ್ಗೆ ಒಂದು ಮಾತು. ಅವು ಬೇಡ ಎಂದು ನಾನು ಹೇಳುವುದಿಲ್ಲ. ಆ ಸ್ಲೇಟಿನ ಉಪಾಯವೇ ಒಂದು ತರಬೇತಿಯಲ್ಲಿ ಕೇಳಿದ್ದು. ಆದರೆ ಅದು ವರ್ಷಗಟ್ಟಲೆ ನನ್ನ ಡೈರಿಯಲ್ಲಿ ಮಲಗಿತ್ತು. ಕೇಳಿ ಬಂದದ್ದನ್ನು ಮಾಡಿ ನೋಡುವಾಗ ಜೊತೆಗೆ ನಿಂತು ನೋಡುವವರು ಯಾರೂ ಇರಲಿಲ್ಲ. ಒಂದೆರಡು ದಿನ ಪ್ರಯತ್ನಿಸಿ, ಸರಿಹೋಗದೆ, ಹಳೆಯ ರೀತಿಗೆ ವಾಪಸ್ ಬರುತ್ತಿದ್ದೆ.

ಹಾಗಾಗಿ ಪಕ್ಕದ ತರಗತಿಯ ಟೀಚರ್ ಹತ್ತಿರ ಕೇಳಿಕೊಂಡೆ. ಹದಿನೈದು ದಿನಕ್ಕೊಮ್ಮೆ ಅವರ ಬಿಡುವಿನ ಪೀರಿಯಡ್‌ನಲ್ಲಿ ನನ್ನ ತರಗತಿಗೆ ಬರಬೇಕು, ನಾನೂ ಅವರ ತರಗತಿಗೆ ಹೋಗುತ್ತೇನೆ ಎಂದು. ಮೊದಲ ಸಲ ಅವರು "ದನಿ ಚೆನ್ನಾಗಿದೆ ಮೇಡಂ, ಬೋರ್ಡಿನ ಬರವಣಿಗೆ ನೀಟಾಗಿದೆ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಅದರಿಂದ ನನಗೆ ಹೊಸದೇನೂ ಗೊತ್ತಾಗಲಿಲ್ಲ. ಜಪಾನಿನ ಶಾಲೆಗಳಲ್ಲಿ ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸಿ, ಒಬ್ಬರು ಪಾಠ ಮಾಡುವಾಗ ಉಳಿದವರು ಮಕ್ಕಳು ಹೇಗೆ ಯೋಚಿಸುತ್ತಾರೆ ಎಂದು ಗಮನಿಸಿ, ಆಮೇಲೆ ಕೂತು ಮಾತನಾಡುವ ಪದ್ಧತಿ ಇದೆ. ಜುಗ್ಯೋ ಕೆನ್‌ಕ್ಯೂ ಎನ್ನುತ್ತಾರೆ. ಅದರಿಂದ ಒಂದೇ ಒಂದು ಅಂಶ ತೆಗೆದುಕೊಂಡೆವು: ಶಿಕ್ಷಕಿಯನ್ನು ನೋಡಬೇಡಿ, ಮಕ್ಕಳನ್ನು ನೋಡಿ. ಪಾಠಕ್ಕೆ ಮೊದಲು ನಾನು ಮೂರು ಮಕ್ಕಳನ್ನು ತೋರಿಸುತ್ತೇನೆ. ಅವರು ಆ ಮೂವರು ಏನು ಮಾಡಿದರು ಎನ್ನುವುದನ್ನಷ್ಟೇ ಬರೆಯಬೇಕು. ಅಭಿಪ್ರಾಯ ಬೇಡ.

ಮುಂದಿನ ಸಲ ಅವರು ಕೊಟ್ಟ ಹಾಳೆಯಲ್ಲಿ ಹೀಗಿತ್ತು: "10:20 – ಹುಡುಗ ಸ್ಲೇಟಿನಲ್ಲಿ ಉತ್ತರ ಬರೆದ. 10:21 – ಪಕ್ಕದವಳ ಸ್ಲೇಟು ನೋಡಿದ. ತನ್ನದನ್ನು ಅಳಿಸಿ ಅವಳದ್ದನ್ನು ಬರೆದ. ಮೊದಲು ಬರೆದದ್ದೇ ಸರಿಯಾಗಿತ್ತು."

ಈ ನಾಲ್ಕು ಸಾಲು ನನಗೆ ಎಷ್ಟೋ ದಿನದ ತರಬೇತಿಗಿಂತ ಹೆಚ್ಚು ಕೊಟ್ಟಿತು. ಬೋರ್ಡಿನ ಮುಂದೆ ನಿಂತ ನನಗೆ ಅದು ಯಾವತ್ತೂ ಕಾಣುತ್ತಿರಲಿಲ್ಲ. ಮರುದಿನದಿಂದ ಅಳಿಸುವುದು ಬೇಡ ಎಂದೆ. ಮನಸ್ಸು ಬದಲಾದರೆ ಹಳೆಯದರ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊಸದು ಬರೆಯಿರಿ, ಎರಡನ್ನೂ ತೋರಿಸಿ. ಎರಡು ಉತ್ತರ ಇರುವ ಸ್ಲೇಟುಗಳ ಮೇಲೆಯೇ ನಮ್ಮ ತರಗತಿಯ ಒಳ್ಳೆಯ ಮಾತುಕತೆಗಳು ನಡೆದಿವೆ.

ಪಾಠ ಹಿಂದೆ ಬೀಳುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಬೀಳುತ್ತದೆ. ಮೊದಲ ವರ್ಷ ಎರಡು ವಾರ ಹಿಂದೆ ಬಿದ್ದೆ. ಕಳೆಯುವ ಲೆಕ್ಕಕ್ಕೆ ಪರೀಕ್ಷೆಗೆ ಮುಂಚೆ ಪುನರಾವರ್ತನೆಯೇ ಬೇಕಾಗಲಿಲ್ಲ, ಅಲ್ಲಿ ಒಂದಷ್ಟು ದಿನ ವಾಪಸ್ ಸಿಕ್ಕವು. ಪರಿಸರ ಅಧ್ಯಯನದಲ್ಲಿ ಹಾಗೆ ಸಿಗಲಿಲ್ಲ, ಕೊನೆಯ ಎರಡು ಪಾಠ ಓಡಿಸಿದೆ. ಎಲ್ಲ ವಿಷಯಕ್ಕೂ ಒಟ್ಟಿಗೆ ಶುರು ಮಾಡಬೇಡಿ. ಒಂದು ವಿಷಯ, ಒಂದು ಪೀರಿಯಡ್, ಅಷ್ಟು ಸಾಕು. ರೆಕಾರ್ಡಿಂಗ್ ಈಗ ತಿಂಗಳಿಗೊಮ್ಮೆ, 15 ನಿಮಿಷ ಮಾತ್ರ. ಕೇಳಿ, ಎಣಿಸಿ, ಅವತ್ತೇ ಅಳಿಸಿಬಿಡುತ್ತೇನೆ. ದಿನದ ಕೊನೆಯ ಪೀರಿಯಡ್ ರೆಕಾರ್ಡ್ ಮಾಡಿದರೆ ಈಗಲೂ ನನ್ನ ಹಳೆಯ ದನಿ ಕೇಳುತ್ತದೆ. ದಣಿದಾಗ ಕಾಯುವುದೇ ಮೊದಲು ಕೈಬಿಟ್ಟು ಹೋಗುವುದು.

ಆ ಹುಡುಗಿಯ ದನಿ ಒಂದೇ ವಾರದಲ್ಲಿ ಕೇಳಿಸಲಿಲ್ಲ. ಮೊದಲು ಅವಳ ಸ್ಲೇಟು ಕಂಡಿತು. ಆಮೇಲೆ ಚೀಟಿ ಬಂದಾಗ ಒಂದೊಂದು ಪದ. ವರ್ಷದ ಕೊನೆಗೆ ಒಂದು ದಿನ ಕಡ್ಡಿಗಳ ಲೆಕ್ಕ ಮುಗಿಸಿ "ಏನಾದರೂ ಕೇಳುವುದಿದೆಯಾ?" ಎಂದು ಕೇಳಿ ನಿಂತಿದ್ದೆ. ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ. ಅವಳ ಕೈ ಅರ್ಧ ಮೇಲೆದ್ದಿತು.

"ಟೀಚರ್, 302ರಲ್ಲಿ 148 ಕಳೀಬೇಕು ಅಂದ್ರೆ? ಬಿಡಿ ಸಾಲಲ್ಲ. ಬಿಚ್ಚೋಕೆ ಹತ್ತರ ಕಟ್ಟೂ ಇಲ್ಲ."

ಅದು ಮುಂದಿನ ವಾರದ ಪಾಠ. ನಾನು ಇನ್ನೂ ಹೇಳಿರಲಿಲ್ಲ. ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ತರಗತಿಯ ಕಡೆ ತಿರುಗಿ, ಅವಳ ಪ್ರಶ್ನೆಯನ್ನೇ ಎಲ್ಲರಿಗೂ ಕೇಳಿದೆ. ಸ್ಲೇಟುಗಳು ಕೆಳಗೆ ಬಾಗಿದವು. ಹಿಂದಿನ ಬೆಂಚಿನಲ್ಲಿ ಯಾರೋ ಪಕ್ಕದವರಿಗೆ ಪಿಸುಗುಟ್ಟುತ್ತಿದ್ದರು: "ನೂರರ ಕಟ್ಟು ಬಿಚ್ಚಿದ್ರೆ ಏನು ಬರುತ್ತೆ ನೋಡೋಣ ತಡಿ."