ಕ್ಯಾಂಪರ್ ಟ್ರೇಲರ್‌ನ ಲಿಥಿಯಂ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆ? ಕರಾವಳಿಯ ಬಿಸಿಲು-ಮಳೆಗೆ ಹೊಂದುವ ಲೆಕ್ಕ

ಗೋಕರ್ಣದ ಹತ್ತಿರ ಎಲ್ಲೋ ಟ್ರೇಲರ್ ನಿಲ್ಲಿಸಿದ್ದೀರಿ. ಮಲ್ಟಿಮೀಟರ್ ಹಚ್ಚಿದರೆ ಬ್ಯಾಟರಿ 13.2 ವೋಲ್ಟ್ ತೋರಿಸುತ್ತದೆ. ರಾತ್ರಿಯಿಡೀ ಫ್ರಿಜ್ ಓಡಿಸಬಹುದೇ? ಆ ಒಂದು ಅಂಕಿ ನೋಡಿ ಹೇಳಲಾಗದು. ಶೇ 70 ಉಳಿದಿರಬಹುದು, ಶೇ 45 ಕೂಡ ಇರಬಹುದು.

ಹಳೆಯ ಲೆಡ್-ಆಸಿಡ್ ಬ್ಯಾಟರಿ ತುಂಬಿದಾಗ 12.7 ವೋಲ್ಟ್, ಅರ್ಧಕ್ಕೆ ಇಳಿದಾಗ 12.2ರ ಆಸುಪಾಸು. ಅಲ್ಲಿ ವೋಲ್ಟ್ ನೋಡಿ ಅಂದಾಜು ಮಾಡುವುದು ನಡೆಯುತ್ತಿತ್ತು. ಟ್ರೇಲರ್‌ಗಳಲ್ಲಿ ಈಗ ಹಾಕುವ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಅಂಗಡಿಯವರು ಎಲ್‌ಎಫ್‌ಪಿ ಎನ್ನುವ 12.8 ವೋಲ್ಟಿನ ಬ್ಯಾಟರಿಗೆ ಆ ಅಭ್ಯಾಸ ಹೊಂದುವುದಿಲ್ಲ. ಒಳಗೆ 3.2 ವೋಲ್ಟಿನ ನಾಲ್ಕು ಸೆಲ್‌ಗಳು ಸಾಲಾಗಿರುತ್ತವೆ, ಚಾರ್ಜಿನ ನಡುಭಾಗದುದ್ದಕ್ಕೂ ಅವುಗಳ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಲೋಡೂ ಇಲ್ಲದೆ ಚಾರ್ಜೂ ಇಲ್ಲದೆ ಎರಡು ಗಂಟೆ ಬಿಟ್ಟು ಅಳೆದರೆ ಸಿಗುವ ಅಂಕಿ ಸ್ಥೂಲವಾಗಿ ಹೀಗೆ: 13.4 ಅಥವಾ ಹೆಚ್ಚು ಇದ್ದರೆ ಪೂರ್ತಿ ತುಂಬಿದಂತೆ, 13.2 ಎಂದರೆ ಶೇ 60ರಿಂದ 70, 13.1 ಎಂದರೆ ಶೇ 40ರಿಂದ 50, 13.0 ಎಂದರೆ ಶೇ 30, 12.8ಕ್ಕೆ ಇಳಿದರೆ ಶೇ 20ಕ್ಕಿಂತ ಕೆಳಗೆ, 12.0 ಎಂದರೆ ತಳ ಕಂಡಿತು.

ಶೇ 70ರಿಂದ ಶೇ 30ರವರೆಗಿನ ದಾರಿಯೆಲ್ಲ 0.2 ವೋಲ್ಟಿನಲ್ಲಿ ಮುಗಿಯುತ್ತದೆ. ಸಾಧಾರಣ ಮಲ್ಟಿಮೀಟರಿನಲ್ಲಿ ಶೇ 1 ತಪ್ಪಿದ್ದರೂ ಅದೇ 0.13 ವೋಲ್ಟ್. ಫ್ರಿಜ್ ಓಡುತ್ತಿದ್ದರೆ ಅಥವಾ ಸೋಲಾರ್ ಬರುತ್ತಿದ್ದರೆ ಇಷ್ಟು ಅಂದಾಜೂ ಸಿಗುವುದಿಲ್ಲ. ಬ್ಯಾಟರಿ ಮೇಲೆ ನಾಲ್ಕು ಗೀಟು ಹೊತ್ತಿ ಉರಿಯುವ ಪುಟ್ಟ ಎಲ್‌ಇಡಿ ಮೀಟರ್ ಹಚ್ಚಿ ಬಿಡುವವರಿದ್ದಾರೆ. ಅದೂ ವೋಲ್ಟನ್ನೇ ಓದುವುದು, ಅದಕ್ಕೆ ದುಡ್ಡು ಹಾಕಬೇಡಿ.

ಮಾಡಬೇಕಾದ್ದು ಎಣಿಕೆ. ಬ್ಯಾಟರಿಗೆ ಒಳಬಂದ ಮತ್ತು ಹೊರಹೋದ ಆಂಪ್‌ಗಳನ್ನು ಕ್ಷಣಕ್ಷಣಕ್ಕೂ ಕೂಡಿ ಕಳೆಯುವ ಮೀಟರ್ ಬೇಕು. ಅದರ ಕಣ್ಣು ಶಂಟ್ ಎಂಬ ಲೋಹದ ತುಂಡು.

ಶಂಟ್ ಆರಿಸುವುದು

ಶಂಟ್ ಮೇಲೆ ‘100 ಆಂಪ್ 75 ಮಿಲಿವೋಲ್ಟ್’ ಅಥವಾ ‘500 ಆಂಪ್ 50 ಮಿಲಿವೋಲ್ಟ್’ ಎಂದು ಬರೆದಿರುತ್ತದೆ. ಅಷ್ಟು ಕರೆಂಟ್ ಹರಿದಾಗ ಅಷ್ಟು ಮಿಲಿವೋಲ್ಟ್ ವ್ಯತ್ಯಾಸ ಕಾಣುತ್ತದೆ, ಮೀಟರ್ ಅದನ್ನು ಓದುತ್ತದೆ. ದೊಡ್ಡದು ತಗೊಂಡರೆ ಒಳ್ಳೆಯದು ಎಂದೇನೂ ಅಲ್ಲ. 500 ಆಂಪಿನ ಶಂಟಿನಲ್ಲಿ ಒಂದು ಆಂಪ್ ಹರಿದರೆ ಹುಟ್ಟುವುದು 0.1 ಮಿಲಿವೋಲ್ಟ್ ಮಾತ್ರ. ಅಗ್ಗದ ಮೀಟರಿಗೆ ಅದು ಕಾಣುವುದೇ ಇಲ್ಲ. ಲೈಟು, ಫ್ಯಾನು, ಫ್ರಿಜ್ ಮಾತ್ರ ಇರುವ ಟ್ರೇಲರಿಗೆ 100 ಆಂಪಿನ ಶಂಟ್ ಧಾರಾಳ. 1000 ವ್ಯಾಟಿನ ಇನ್ವರ್ಟರ್ ಇದ್ದರೆ ಅದು ಪೂರ್ತಿ ಲೋಡಿನಲ್ಲಿ 85ರಿಂದ 90 ಆಂಪ್ ಎಳೆಯುತ್ತದೆ. ಶಂಟನ್ನು ಅದರ ಮಿತಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚಿನ ಕರೆಂಟಿನಲ್ಲಿ ಬಹಳ ಹೊತ್ತು ದುಡಿಸಬಾರದು, ಹಾಗಾಗಿ 150 ಅಥವಾ 200 ಆಂಪಿನದು ಬೇಕು. ಕೈಯಲ್ಲಿ ಕಾಸಿದ್ದರೆ 500 ಆಂಪಿನ ಸ್ಮಾರ್ಟ್ ಶಂಟ್ ಹಾಕಿ, ಅದರೊಳಗಿನ ಸರ್ಕ್ಯೂಟ್ ಸಣ್ಣ ಕರೆಂಟನ್ನೂ ಹಿಡಿಯುತ್ತದೆ.

ತಂತಿಗೆ ಸಿಕ್ಕಿಸುವ ಉಂಗುರದಂಥ ಹಾಲ್ ಸೆನ್ಸರ್ ಮೀಟರ್‌ಗಳೂ ಸಿಗುತ್ತವೆ. ಬಿಸಿ ಏರಿದಂತೆ ಅವುಗಳ ಸೊನ್ನೆ ಸರಿಯುತ್ತದೆ. 0.2 ಆಂಪ್ ಸರಿದರೂ ದಿನಕ್ಕೆ 4.8 ಆಂಪ್ ಅವರ್ (ಒಂದು ಆಂಪ್ ಒಂದು ಗಂಟೆ ಹರಿದರೆ ಒಂದು ಆಂಪ್ ಅವರ್), ಹತ್ತು ದಿನಕ್ಕೆ 100 ಆಂಪ್ ಅವರ್ ಬ್ಯಾಟರಿಯ ಅರ್ಧದಷ್ಟು ಸುಳ್ಳು ಲೆಕ್ಕ. ನಮ್ಮ ಸೆಕೆಗೆ ಶಂಟೇ ಸರಿ.

ಬ್ಯಾಟರಿಯ ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ, ಮಿತಿ ಮೀರಿದರೆ ಕರೆಂಟ್ ಕತ್ತರಿಸುವ ಸರ್ಕ್ಯೂಟ್, ಬ್ಲೂಟೂತ್‌ನಲ್ಲಿ ಶೇಕಡಾ ತೋರಿಸುತ್ತದಲ್ಲ, ಅದೇ ಸಾಲದೇ? ಅನೇಕ ಬಿಎಂಎಸ್‌ಗಳು ಅರ್ಧ ಆಂಪಿಗಿಂತ ಕಡಿಮೆ ಹರಿವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎಲ್‌ಇಡಿ ಲೈಟು, ಮೊಬೈಲ್ ಚಾರ್ಜರ್, ಗ್ಯಾಸ್ ಅಲಾರಂ ಎಲ್ಲ ಆ ಸಾಲಿಗೇ ಸೇರುವವು. ಬಿಎಂಎಸ್ ಆ್ಯಪನ್ನು ಸೆಲ್ ವೋಲ್ಟೇಜ್ ನೋಡಲು ಬಳಸಿ, ಆ ಕೆಲಸಕ್ಕೆ ಅದಕ್ಕಿಂತ ಉತ್ತಮ ಸಾಧನ ಇಲ್ಲ.

ಜೋಡಿಸುವುದು

ಮೊದಲು ಸೋಲಾರ್ ಮತ್ತು ಚಾರ್ಜರ್ ಬಂದ್ ಮಾಡಿ, ಮುಖ್ಯ ಫ್ಯೂಸ್ ತೆಗೆಯಿರಿ, ಕೈಯ ಉಂಗುರ-ಬಳೆ ತೆಗೆದಿಡಿ, ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಎರಡು ಟರ್ಮಿನಲ್ ನಡುವೆ ಸ್ಪ್ಯಾನರ್ ಬಿದ್ದರೆ ಕಬ್ಬಿಣ ಕರಗುವಷ್ಟು ಕರೆಂಟ್ ಹರಿಯುತ್ತದೆ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕೊನೆಗೆ.

ಬ್ಯಾಟರಿಯ ನೆಗೆಟಿವ್‌ನಿಂದ ಒಂದೇ ಒಂದು ಗಿಡ್ಡ ಕೇಬಲ್ ಶಂಟಿನ ಬ್ಯಾಟರಿ ಬದಿಗೆ ಹೋಗಬೇಕು. 100 ಆಂಪ್ ಹರಿಯುವಲ್ಲಿ 25ರಿಂದ 35 ಸ್ಕ್ವೇರ್ ಎಂಎಂ ಕೇಬಲ್ ಹಾಕಿ. ಉಳಿದ ನೆಗೆಟಿವ್‌ಗಳೆಲ್ಲ ಶಂಟಿನ ಆಚೆ ಬದಿಗೆ: ಸೋಲಾರ್ ಕಂಟ್ರೋಲರ್, ಇನ್ವರ್ಟರ್, ಕಾರಿನಿಂದ ಬರುವ ಡಿಸಿ-ಡಿಸಿ ಚಾರ್ಜರ್, ಫ್ಯೂಸ್ ಬಾಕ್ಸ್, ಟ್ರೇಲರ್ ಚಾಸಿಸ್ಸಿನ ಅರ್ತ್. ಹೆಚ್ಚಿನವರು ಎಡವುವುದು ಇಲ್ಲೇ. ಚಾಸಿಸ್ ಅರ್ತನ್ನು ಹಳೆಯ ಜಾಗದಲ್ಲೇ, ಅಂದರೆ ನೇರ ಬ್ಯಾಟರಿ ಟರ್ಮಿನಲ್ಲಿಗೆ ಬಿಟ್ಟಿರುತ್ತಾರೆ. ಪಂಪು, ಹೊರಗಿನ ಲೈಟು ಎಳೆದದ್ದು ಎಣಿಕೆಗೆ ಬರುವುದೇ ಇಲ್ಲ, ಮೀಟರ್ ಶೇ 40 ಎನ್ನುತ್ತಿರುವಾಗಲೇ ಬಿಎಂಎಸ್ ಕತ್ತರಿಸಿ ಕತ್ತಲಾಗುತ್ತದೆ. ಎರಡು ಬ್ಯಾಟರಿ ಪ್ಯಾರಲಲ್ ಇದ್ದರೆ ಎರಡರ ನೆಗೆಟಿವೂ ಮೊದಲು ಒಂದೆಡೆ ಕೂಡಿ, ಆಮೇಲೆ ಶಂಟಿಗೆ ಬರಲಿ.

ಪರೀಕ್ಷೆ ಸುಲಭ. ಒಂದೊಂದೇ ಸ್ವಿಚ್ ಹಾಕುತ್ತ ಹೋಗಿ. ಪ್ರತಿಯೊಂದಕ್ಕೂ ಮೀಟರಿನ ಆಂಪ್ ಏರಬೇಕು. ಯಾವುದಕ್ಕೆ ಏರಲಿಲ್ಲವೋ ಅದರ ನೆಗೆಟಿವ್ ತಪ್ಪು ಬದಿಯಲ್ಲಿದೆ.

ಮೀಟರಿನ ಪಾಸಿಟಿವ್ ತಂತಿ 1 ಆಂಪ್ ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಲಿ. ಮೇನ್ ಸ್ವಿಚ್ಚಿನ ಆಚೆಗೆ ಕೊಟ್ಟರೆ ಪ್ರತಿ ಸಲ ಸ್ವಿಚ್ ಆರಿಸಿದಾಗ ಮೀಟರ್ ಸಾಯುತ್ತದೆ, ಎಷ್ಟೋ ಮೀಟರ್‌ಗಳು ಎಚ್ಚರವಾದಾಗ ಲೆಕ್ಕ ಮರೆತಿರುತ್ತವೆ.

ಸೆಟ್ಟಿಂಗ್

100 ಆಂಪ್ ಅವರ್ ಬ್ಯಾಟರಿ, ಚಾರ್ಜರ್ ಮತ್ತು ಸೋಲಾರ್ ಕಂಟ್ರೋಲರ್ 14.2 ವೋಲ್ಟಿಗೆ ಹೊಂದಿಸಿದ್ದು ಎಂದಿಟ್ಟುಕೊಂಡರೆ: ಸಾಮರ್ಥ್ಯ 100, ‘ಚಾರ್ಜ್ಡ್ ವೋಲ್ಟೇಜ್’ 14.0, ಟೇಲ್ ಕರೆಂಟ್ (ತುಂಬುವ ಕೊನೆಗೆ ಒಳಹೋಗುವ ಕರೆಂಟ್) ಶೇ 4, ಅಂದರೆ 4 ಆಂಪ್, ಈ ಸ್ಥಿತಿ ನಿಲ್ಲಬೇಕಾದ ಸಮಯ 3ರಿಂದ 5 ನಿಮಿಷ, ಪ್ಯೂಕರ್ಟ್ (ಜೋರಾಗಿ ಎಳೆದಾಗ ಸಾಮರ್ಥ್ಯ ಕುಗ್ಗುವುದರ ಲೆಕ್ಕ) 1.05, ಚಾರ್ಜ್ ದಕ್ಷತೆ ಶೇ 99, ಅಲಾರಂ ಶೇ 20ಕ್ಕೆ. ಎಲ್ಲ ಲೋಡ್ ಬಿಚ್ಚಿ ಒಮ್ಮೆ ‘ಝೀರೋ’ ಒತ್ತಿ.

ವೋಲ್ಟೇಜ್ 14.0 ಮುಟ್ಟಿದೆ, ಒಳಹೋಗುವ ಕರೆಂಟ್ 4 ಆಂಪಿಗಿಂತ ಕೆಳಗಿಳಿದಿದೆ, ಹಾಗೇ ಕೆಲ ನಿಮಿಷ ನಿಂತಿದೆ: ಈ ಮೂರೂ ಕೂಡಿದಾಗ ಮೀಟರ್ ‘ತುಂಬಿತು’ ಎಂದು ಒಪ್ಪಿ ಅಂಕಿಯನ್ನು ಶೇ 100ಕ್ಕೆ ತರುತ್ತದೆ. ಇದಕ್ಕೆ ಸಿಂಕ್ ಎನ್ನುತ್ತಾರೆ. ಕಿರಾಣಿ ಅಂಗಡಿಯ ಖಾತೆಪುಸ್ತಕವನ್ನು ಆಗಾಗ ಗಲ್ಲಾಪೆಟ್ಟಿಗೆಯ ರೊಕ್ಕದೊಂದಿಗೆ ತಾಳೆ ನೋಡಿದಂತೆ ಇದು. ತಾಳೆ ತಪ್ಪಿದರೆ ಪೈಸೆ ಪೈಸೆಯ ತಪ್ಪು ಕೂಡುತ್ತ ಹೋಗುತ್ತದೆ.

ನಮ್ಮ ಕಡೆ ಹೆಚ್ಚು ಕೆಡುವುದು ಇದೇ. ಹಲವು ಮೀಟರ್‌ಗಳು ಲೆಡ್-ಆಸಿಡ್‌ಗೆ ಹೊಂದಿಸಿಯೇ ಬರುತ್ತವೆ, ಚಾರ್ಜ್ಡ್ ವೋಲ್ಟೇಜ್ 13.2 ಎಂದಿರುತ್ತದೆ. ಜೂನ್ ತಿಂಗಳು, ಮೋಡ ಕಟ್ಟಿದೆ ಎಂದಿಟ್ಟುಕೊಳ್ಳಿ. ಎಲ್‌ಎಫ್‌ಪಿ ಅರ್ಧ ಖಾಲಿಯಿದ್ದರೂ ಸೋಲಾರ್ ತುಸು ಬಂದರೆ 13.3ಕ್ಕೆ ಏರಿರುತ್ತದೆ, ಮೋಡದಿಂದಾಗಿ ಒಳಬರುವುದು ಎರಡೇ ಆಂಪ್. ಮೂರೂ ಷರತ್ತು ಪೂರೈಸಿತು! ಮೀಟರ್ ಶೇ 100 ಎನ್ನುತ್ತದೆ, ಒಳಗಿರುವುದು 50. ಚಾರ್ಜ್ಡ್ ವೋಲ್ಟೇಜನ್ನು 14.0ಕ್ಕೆ ಏರಿಸಿದರೆ ಈ ಮೋಸ ನಿಲ್ಲುತ್ತದೆ, ಏಕೆಂದರೆ ಅರ್ಧ ಖಾಲಿ ಬ್ಯಾಟರಿಯನ್ನು ಎರಡು ಆಂಪ್ ಅಷ್ಟೆತ್ತರಕ್ಕೆ ಎಳೆಯಲಾರದು.

ಆದರೆ ಆಗ ಇನ್ನೊಂದು ತೊಂದರೆ ಎದುರಾಗುತ್ತದೆ: ಮಳೆಗಾಲದಲ್ಲಿ 14.0 ಮುಟ್ಟುವುದೇ ಅಪರೂಪ. ಸಿಂಕ್ ಆಗದೆ ವಾರಗಳು ಉರುಳುತ್ತವೆ, ಲೆಕ್ಕ ಸರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ರೇಲರ್ ಬಳಸುವವರು ಎರಡು ವಾರಕ್ಕೊಮ್ಮೆಯಾದರೂ ಮನೆಯ ಕರೆಂಟಿನಿಂದ, 14.2 ವೋಲ್ಟ್ ಕೊಡುವ ಲಿಥಿಯಂ ಚಾರ್ಜರಿನಲ್ಲಿ ಪೂರ್ತಿ ತುಂಬಿಸಬೇಕು. 20 ಆಂಪಿನ ಚಾರ್ಜರಿಗೆ ಅರ್ಧದಿಂದ ತುಂಬಲು ಮೂರು ಗಂಟೆ ಸಾಕು. ಶಿರಸಿ-ಸಿದ್ದಾಪುರದ ಕಡೆ ಮಳೆಗಾಲದಲ್ಲಿ ಕರೆಂಟ್ ಕೈಕೊಡುವುದು ಎಲ್ಲರಿಗೂ ಗೊತ್ತು, ಇದ್ದಾಗಲೇ ಮುಗಿಸಿಕೊಳ್ಳಿ.

ದಿನದ ಲೆಕ್ಕ

45 ವ್ಯಾಟಿನ ಕಂಪ್ರೆಸರ್ ಫ್ರಿಜ್ ಕರಾವಳಿಯ ಸೆಕೆಯಲ್ಲಿ ಅರ್ಧ ಹೊತ್ತು ಓಡುತ್ತದೆ ಎಂದು ಹಿಡಿಯಿರಿ: 42 ಆಂಪ್ ಅವರ್. 20 ವ್ಯಾಟಿನ ಫ್ಯಾನ್ ರಾತ್ರಿ ಒಂಬತ್ತು ಗಂಟೆ: 14. ಲೈಟು 3, ಫೋನು-ಲ್ಯಾಪ್‌ಟಾಪ್ 8, ನೀರಿನ ಪಂಪು 1. ಒಟ್ಟು 68. ಶೇ 20 ತಳದಲ್ಲಿ ಬಿಟ್ಟರೆ 100ರ ಬ್ಯಾಟರಿಯಲ್ಲಿ ಬಳಸಲು ಸಿಗುವುದು 80. ಫೆಬ್ರವರಿ-ಮಾರ್ಚಿನ ಒಳ್ಳೆಯ ಬಿಸಿಲಿನಲ್ಲಿ ಮಾಡಿನ ಮೇಲೆ ಚಪ್ಪಟೆ ಮಲಗಿಸಿದ 200 ವ್ಯಾಟ್ ಪ್ಯಾನೆಲ್ 50 ಆಂಪ್ ಅವರ್ ಕೊಡುತ್ತದೆ, ದಿನಕ್ಕೆ 18 ಕೊರತೆ, ನಾಲ್ಕು ದಿನ ನಡೆಯುತ್ತದೆ. ಆಷಾಢದ ಮಳೆಯಲ್ಲಿ 15 ಬಂದರೆ ಕೊರತೆ 53. ಒಂದೂವರೆ ದಿನಕ್ಕೆ ಮುಗಿಯಿತು. ದಂಡೆಯ ಗಾಳಿಮರಗಳ ನೆರಳು ತಂಪೇ, ಆದರೆ ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದ ನೆರಳೂ ಉತ್ಪಾದನೆಯನ್ನು ಬಹಳ ಇಳಿಸುತ್ತದೆ.

ಗಾಡಿ ಓಡುವಾಗ ತುಂಬಿಸುವುದು ದೊಡ್ಡ ಆಸರೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಟ್ರೇಲರ್ ಎಳೆದುಕೊಂಡು ಎರಡು ಗಂಟೆ ಹಿಡಿದರೆ 20 ಆಂಪಿನ ಡಿಸಿ-ಡಿಸಿ ಚಾರ್ಜರ್ 40 ಆಂಪ್ ಅವರ್ ತುಂಬುತ್ತದೆ. ಕಾರಿನ ಬ್ಯಾಟರಿಯಿಂದ ಬರೀ ತಂತಿ ಎಳೆದರೆ ಆಗದು. ಈಗಿನ ಅನೇಕ ಕಾರುಗಳ ಆಲ್ಟರ್ನೇಟರ್ ಇಂಧನ ಉಳಿಸಲು ವೋಲ್ಟೇಜ್ ತಾನೇ ಇಳಿಸಿಕೊಳ್ಳುತ್ತದೆ.

ಮೀಟರ್ ನೋಡಲು ಅತ್ಯುತ್ತಮ ಹೊತ್ತು ಬೆಳಗ್ಗೆ, ಬಿಸಿಲು ಪ್ಯಾನೆಲ್ಲಿಗೆ ತಾಗುವ ಮುಂಚೆ. ಮಲಗುವಾಗಿನ ಅಂಕಿಯಿಂದ ಅದನ್ನು ಕಳೆದರೆ ರಾತ್ರಿಯ ಖರ್ಚು ಸಿಗುತ್ತದೆ. ಅದೇ ಫ್ರಿಜ್, ಅದೇ ಫ್ಯಾನ್ ಇದ್ದು ಖರ್ಚು ಏಕಾಏಕಿ ಹತ್ತು ಆಂಪ್ ಅವರ್ ಏರಿದರೆ ಫ್ರಿಜ್ಜಿನ ಬಾಗಿಲ ರಬ್ಬರ್ ನೋಡಿ, ಇನ್ವರ್ಟರ್ ಆರಿಸಿದ್ದೀರಾ ನೋಡಿ. ಖಾಲಿ ಓಡುವ ಇನ್ವರ್ಟರೇ ಗಂಟೆಗೆ ಅರ್ಧದಿಂದ ಒಂದು ಆಂಪ್ ಅವರ್ ತಿನ್ನುತ್ತದೆ.

ಶೇ 90ರಲ್ಲೇ ‘ತುಂಬಿತು’ ಎಂದರೆ

ಚಾರ್ಜ್ ಆಗುತ್ತಿರುವಾಗ ವೋಲ್ಟೇಜ್ ಥಟ್ಟನೆ ಮೇಲೆ ಜಿಗಿದು ಕರೆಂಟ್ ಸೊನ್ನೆಯಾದರೆ ಬಿಎಂಎಸ್ ಚಾರ್ಜ್ ಕತ್ತರಿಸಿದೆ. ನಾಲ್ಕರಲ್ಲಿ ಒಂದು ಸೆಲ್ 3.65 ವೋಲ್ಟ್ ಮುಟ್ಟಿದೆ, ಉಳಿದವು ಹಿಂದಿವೆ. ಮೀಟರ್ ಇದನ್ನೂ ಪೂರ್ತಿ ಎಂದೇ ತಿಳಿಯಬಹುದು. ಬಿಎಂಎಸ್ ಆ್ಯಪ್ ತೆರೆದು ನಾಲ್ಕು ಸೆಲ್ ಹೋಲಿಸಿ. ನಡುಮಟ್ಟದಲ್ಲಿ 20 ಮಿಲಿವೋಲ್ಟಿನೊಳಗಿನ ಅಂತರ ಸಹಜ. ತುದಿಯಲ್ಲಿ ಅದು 100 ದಾಟಿದರೆ ಚಾರ್ಜರನ್ನು 14.0ಕ್ಕೆ ಇಳಿಸಿ, ಕೆಲವು ಗಂಟೆ ಹಾಗೇ ಹಿಡಿದಿಡಿ. ಬಿಎಂಎಸ್ ನಿಧಾನವಾಗಿ ಸಮ ಮಾಡುತ್ತದೆ. ಎರಡು-ಮೂರು ಸಲ ಮಾಡಬೇಕಾದೀತು.

ಬ್ಯಾಟರಿಯ ಬಿಸಿಯನ್ನೂ ಅದೇ ಆ್ಯಪ್ ತೋರಿಸುತ್ತದೆ. ಶೂನ್ಯ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು ಎಂಬ ಚಿಂತೆ ನಮಗಿಲ್ಲ. ಏಪ್ರಿಲ್-ಮೇನಲ್ಲಿ ಕಿಟಕಿ ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಟ್ರೇಲರಿನಲ್ಲಿ 45 ಡಿಗ್ರಿ ದಾಟುವುದು ಸಾಧ್ಯ, ಹೆಚ್ಚಿನ ಎಲ್‌ಎಫ್‌ಪಿ ತಯಾರಕರು ಚಾರ್ಜಿಂಗ್‌ಗೆ ಹಾಕುವ ಮಿತಿ ಆ ಆಸುಪಾಸಿನದು. ಬ್ಯಾಟರಿ ಕೆಳಗೆ, ಗಾಳಿಯಾಡುವಲ್ಲಿ ಇರಲಿ.

ಉಪ್ಪುಗಾಳಿ

ಕಾರವಾರದಿಂದ ಭಟ್ಕಳದವರೆಗೆ ದಂಡೆಯಲ್ಲಿ ನಿಲ್ಲುವ ಗಾಡಿಗೆ ಇದು ತಪ್ಪದ ಕೆಲಸ. ಶಂಟಿನ ಪುಟ್ಟ ಸ್ಕ್ರೂಗಳಲ್ಲಿ ಹಸಿರು ಕಿಲುಬು ಕೂತರೆ ಮಿಲಿವೋಲ್ಟ್ ಓದುವುದೇ ತಪ್ಪುತ್ತದೆ. ಕೇಬಲ್ ತುದಿಯ ದೊಡ್ಡ ಉಂಗುರಗಳಲ್ಲಿ, ಅಂದರೆ ಲಗ್‌ಗಳಲ್ಲಿ ಕೂತರೆ ಚಾರ್ಜರಿಗೆ ಕಾಣುವ 14.2 ಬ್ಯಾಟರಿಯಲ್ಲಿ 13.9 ಇರುತ್ತದೆ, ಸಿಂಕ್ ಆಗುವುದೇ ಇಲ್ಲ. ತವರ ಲೇಪಿತ ತಾಮ್ರದ ಲಗ್ ಬಳಸಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಅಂಟಿರುವ ಹೀಟ್ ಶ್ರಿಂಕ್ ಏರಿಸಿ. ಬಿಗಿ ಮಾಡಿದ ನಂತರ ಮೇಲಿಂದ ಪೆಟ್ರೋಲಿಯಂ ಜೆಲ್ಲಿ ಸವರಿ; ಮೊದಲೇ ಸವರಿ ಲಗ್ ಕೂಡಿಸಬೇಡಿ.

ಮೂರು ತಿಂಗಳಿಗೊಮ್ಮೆ 20 ಆಂಪ್ ಲೋಡ್ ಹಾಕಿ, ಮಲ್ಟಿಮೀಟರಿನ ಒಂದು ಮೊನೆ ಬ್ಯಾಟರಿಯ ಟರ್ಮಿನಲ್ಲಿನ ಮೇಲೆ, ಇನ್ನೊಂದು ಅದಕ್ಕೆ ಕೂಡಿದ ಲಗ್ಗಿನ ಮೇಲೆ ಇಡಿ. ಐದಾರು ಮಿಲಿವೋಲ್ಟಿನೊಳಗಿದ್ದರೆ ಚೆನ್ನಾಗಿದೆ. 20 ತೋರಿಸಿದರೆ ಬಿಚ್ಚಿ ಉಜ್ಜಿ: ಅದು ಒಂದು ಮಿಲಿಓಮ್, ಇನ್ವರ್ಟರ್ 87 ಆಂಪ್ ಎಳೆದಾಗ ಆ ಒಂದೇ ಜಾಗದಲ್ಲಿ ಏಳೂವರೆ ವ್ಯಾಟ್ ಬಿಸಿ ಹುಟ್ಟುತ್ತದೆ.

ಮಳೆಗಾಲಕ್ಕೆ ನಿಲ್ಲಿಸಿಡುವುದಾದರೆ

ಶೇ 50ರಿಂದ 60ರಲ್ಲಿ ಬಿಡಿ, ಪೂರ್ತಿ ತುಂಬಿಸಿ ಬಿಡಬೇಡಿ. ಮೇನ್ ಸ್ವಿಚ್ ಆರಿಸಿ, ಸೋಲಾರ್ ಬಿಚ್ಚಿ. ಮೀಟರಿನ 1 ಆಂಪ್ ಫ್ಯೂಸನ್ನೂ ತೆಗೆಯಿರಿ: ಬೆಳಕಿನ ಪರದೆಯ ಮೀಟರ್ 15 ಮಿಲಿಆಂಪ್ ಎಳೆದರೂ ತೊಂಬತ್ತು ದಿನಕ್ಕೆ 32 ಆಂಪ್ ಅವರ್ ಹೋಗುತ್ತದೆ. ಅಕ್ಟೋಬರಿನಲ್ಲಿ ತೆರೆದಾಗ ಮೀಟರ್ ತೋರಿಸುವ ಮೊದಲ ಅಂಕಿಯನ್ನು ನಂಬಬೇಡಿ. ಲಗ್‌ಗಳನ್ನು ನೋಡಿ, ಫ್ಯೂಸ್ ಹಾಕಿ, ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ ಸಿಂಕ್ ಆಗಲು ಬಿಡಿ. ಆಮೇಲೆ ವರ್ಷಕ್ಕೊಮ್ಮೆಯ ಸಾಮರ್ಥ್ಯದ ಪರೀಕ್ಷೆ: 10 ಆಂಪಿನ ಸ್ಥಿರ ಲೋಡ್ ಹಾಕಿ, ಬಿಎಂಎಸ್ ಕತ್ತರಿಸುವವರೆಗೆ ಓಡಿಸಿ, ಎಷ್ಟು ಗಂಟೆ ನಡೆಯಿತು ಬರೆದುಕೊಳ್ಳಿ. ಒಂಬತ್ತು ಗಂಟೆ ನಡೆದರೆ ಬ್ಯಾಟರಿಯ ಈಗಿನ ಸಾಮರ್ಥ್ಯ 90. ಮೀಟರಿನ ಸೆಟ್ಟಿಂಗಿನಲ್ಲೂ 100 ತೆಗೆದು 90 ಹಾಕಿ, ಅಂದೇ ಮತ್ತೆ ತುಂಬಿಸಿ.